ತಾರಸಿಯ ಚಳಿಗೆ ಹಳೆಯ ಸೀಮೆಎಣ್ಣೆ ಹೀಟರ್: ತಪ್ಪು ಕಲ್ಪನೆ ಮತ್ತು ವಾಸ್ತವ

ದೆಹಲಿಯ ಮನೆಗಳನ್ನು ಬೇಸಿಗೆಯನ್ನು ನೆನೆದೇ ಕಟ್ಟಿರುತ್ತಾರೆ. ಕಲ್ಲಿನ ನೆಲ, ಬರಿಯ ಗೋಡೆ, ಸಂದಿಯಿರುವ ಕಿಟಕಿ. ಡಿಸೆಂಬರ್ ಕೊನೆಗೆ ಬಂದರೆ ಅದೇ ಮನೆ ಒಳಗಿಂದ ಕೊರೆಯತೊಡಗುತ್ತದೆ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2021ರ ಜನವರಿ 1ರ ಬೆಳಿಗ್ಗೆ 1.1 ಡಿಗ್ರಿ, 2023ರ ಜನವರಿ 16ರಂದು 1.4 ಡಿಗ್ರಿ ದಾಖಲಾಗಿತ್ತು. ಮೈಸೂರು, ಮಂಗಳೂರು ಕಡೆಯಿಂದ ಬಂದ ನಮ್ಮಂಥವರಿಗೆ ಇದು ಅಭ್ಯಾಸವಾಗಲು ಕೆಲವು ವರ್ಷಗಳೇ ಬೇಕು.

ಮಯೂರ್ ವಿಹಾರದ ನಾವು ಕೆಲವು ಕನ್ನಡ ಕುಟುಂಬಗಳು ಸಂಕ್ರಾಂತಿಗೆ ಮೊದಲು ಒಂದು ಸಂಜೆ ತಾರಸಿಯಲ್ಲಿ ಸೇರುತ್ತೇವೆ. ಕೆಳಗೆ ರಸ್ತೆಯಲ್ಲಿ ಲೋಹ್ರಿ ಹಬ್ಬದ ಬೆಂಕಿ, ಮೇಲೆ ನಮ್ಮ ಎಳ್ಳುಬೆಲ್ಲ, ಸಕ್ಕರೆ ಅಚ್ಚು. ಒಂದು ವರ್ಷ, ದೇಶ ಬಿಟ್ಟು ಹೊರಟಿದ್ದ ವಿದೇಶಿ ಕುಟುಂಬವೊಂದರ ಸಾಮಾನಿನಲ್ಲಿ ನಮಗೊಂದು ಹಳೆಯ ಸೀಮೆಎಣ್ಣೆ ಹೀಟರ್ ಸಿಕ್ಕಿತು. ಹಿಂದೆ ಹೊಳೆಯುವ ತಗಡಿನ ಬಟ್ಟಲು, ನಡುವೆ ಕೆಂಪಗೆ ಕಾಯುವ ಜಾಲರಿ. ಅಂದು ತಾರಸಿಯ ಮಾತು ಹನ್ನೊಂದರವರೆಗೂ ನಡೆಯಿತು. ಆಮೇಲೆ ಹೀಟರನ್ನು ಉರಿಯುತ್ತಿದ್ದಂತೆಯೇ ಕೋಣೆಯೊಳಕ್ಕೆ ತಂದು, ಬಾಗಿಲು ಮುಚ್ಚಿ ಕುಳಿತೆವು. ಒಂದು ಗಂಟೆಯಲ್ಲಿ ನಾಲ್ವರಿಗೆ ತಲೆನೋವು, ಒಂದು ಮಗುವಿಗೆ ವಾಂತಿ. ಎಳ್ಳು ಪಿತ್ತವಾಯಿತು ಎಂದರು ಒಬ್ಬರು, ಥಂಡಿ ಹೊಡೆಯಿತು ಎಂದರು ಇನ್ನೊಬ್ಬರು. ಯಾರೋ ಗಾಳಿ ಬೇಕೆಂದು ಬಾಗಿಲು ತೆರೆದರು, ಅಷ್ಟರಿಂದ ಉಳಿದೆವು. ಈ ಬರಹ ಹುಟ್ಟಿದ್ದು ಆ ರಾತ್ರಿಯಿಂದ.

ತಪ್ಪು ಕಲ್ಪನೆ: ಒಂದು ಹೀಟರ್ ಇಟ್ಟರೆ ತಾರಸಿಯೆಲ್ಲ ಬೆಚ್ಚಗಾಗುತ್ತದೆ.

ವಾಸ್ತವ: ಬಯಲಿನಲ್ಲಿ ಗಾಳಿಯನ್ನು ಕಾಯಿಸಲು ಆಗುವುದಿಲ್ಲ. ಕಾದ ಗಾಳಿ ಮೇಲಕ್ಕೇರುತ್ತದೆ, ಆ ಜಾಗಕ್ಕೆ ತಣ್ಣನೆಯದು ನುಗ್ಗುತ್ತದೆ. ಜಾಲರಿ ಕೆಂಪಾಗುವ ಹೀಟರು ಹೊರಗೂ ಉಪಯೋಗಕ್ಕೆ ಬರುವುದು ಬೇರೆ ಕಾರಣಕ್ಕೆ. ಅದು ಬಿಸಿಲಿನಂತೆ ನೇರವಾಗಿ ಮೈಗೆ, ಬಟ್ಟೆಗೆ ಕಾವು ಎಸೆಯುತ್ತದೆ. ನಡುವಿನ ಗಾಳಿ ಕಾಯಬೇಕಾಗಿಲ್ಲ. ಆದರೆ ಆ ಕಾವು ದೂರಕ್ಕೆ ಬೇಗ ಸೋಲುತ್ತದೆ: ದೂರ ಎರಡರಷ್ಟಾದರೆ ಕಾವು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎದುರಿಗೆ ಕುಳಿತ ಇಬ್ಬರು ಮೂವರಿಗೆ ಸುಖ, ಬೆನ್ನ ಹಿಂದಿನವರಿಗೆ ಬರೀ ಬೆಳಕು.

ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಬಯಲಿನಲ್ಲಿ ಅದರ ಬಹುಪಾಲು ಆಕಾಶಕ್ಕೆ ಹೋಗುತ್ತದೆ. ನೀಲಿ ಜ್ವಾಲೆಯ ಹೀಟರ್ ಶುದ್ಧವಾಗಿ ಉರಿಯುತ್ತದೆ, ನಿಜ. ಆದರೆ ಅದು ಮುಖ್ಯವಾಗಿ ಗಾಳಿಯನ್ನು ಕಾಯಿಸುವಂಥದ್ದು, ತಾರಸಿಗೆ ಅದು ತಕ್ಕದ್ದಲ್ಲ.

ತಪ್ಪು ಕಲ್ಪನೆ: ಹಳೆಯ ಕಾಲದ ಹಿತ್ತಾಳೆ ಸಾಮಾನು ಗಟ್ಟಿ, ಕೆಡುವುದೇ ಇಲ್ಲ.

ವಾಸ್ತವ: ಹಿತ್ತಾಳೆ ಕೆಡುವುದಿಲ್ಲ, ವಾಷರ್ ಕೆಡುತ್ತದೆ. ಪಂಪ್ ಸ್ಟೌ ಹಚ್ಚಿದ ನೆನಪಿರುವ ಮನೆಗಳಿಗೆ ಇದನ್ನು ಹೇಳಬೇಕಾಗಿಲ್ಲ. ಪಂಪಿನ ಚರ್ಮದ ವಾಷರ್ ಒಣಗಿ ಬಿರಿಯುತ್ತದೆ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ, ರಂಧ್ರದಲ್ಲಿ ಮಸಿ ಕಟ್ಟುತ್ತದೆ. ಒತ್ತಡದಲ್ಲಿರುವ ಎಣ್ಣೆಗೆ ಅಷ್ಟು ಸೀಳು ಸಾಕು. ಕೆಲವು ಹಳೆಯ ಸ್ಟೌ, ಹೀಟರುಗಳ ಬತ್ತಿ, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇತ್ತು, ಅದನ್ನು ಉಜ್ಜಿ ಪುಡಿ ಎಬ್ಬಿಸಬಾರದು. ಜೊತೆಗೆ, ಈಗಿನ ಹೀಟರುಗಳು ಉರುಳಿದರೆ ತಾವಾಗಿ ಆರುತ್ತವೆ. ಹಳೆಯವುಗಳಿಗೆ ಆ ಏರ್ಪಾಡಿಲ್ಲ.

ಗಾಳಿಯ ವಿಷಯವನ್ನು ನಾವು ಪೂರ್ತಿ ಮರೆತಿದ್ದೆವು. ಈ ಹೀಟರುಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಮನೆಯೊಳಗಿನ ನಿಂತ ಗಾಳಿಗೆ. ಬ್ರಿಟನ್ನಿನಲ್ಲಿ ಒಂದು ಬಗೆಯ ಸೀಮೆಎಣ್ಣೆ ಹೀಟರುಗಳು ಬಾಗಿಲ ಸಂದಿಯ ಗಾಳಿಗೇ ಭುಗಿಲೆದ್ದು ಮನೆಗಳು ಸುಟ್ಟಿದ್ದವು. ಇಂಥ ಹೀಟರುಗಳ ಗುಣಮಟ್ಟಕ್ಕೆಂದೇ 1960ರಲ್ಲಿ ಅಲ್ಲಿ ಪ್ರತ್ಯೇಕ ಕಾನೂನು ಬಂತು. ಬಾಗಿಲ ಸಂದಿಯ ಗಾಳಿಗೇ ಹೀಗಾದರೆ ನಾಲ್ಕನೇ ಮಹಡಿಯ ತಾರಸಿಯ ಗಾಳಿ ಏನು ಮಾಡಬಹುದು? ಗಾಳಿ ಬೀಸುವ ರಾತ್ರಿ ಅದನ್ನು ಹಚ್ಚಲೇಬಾರದು.

ತಪ್ಪು ಕಲ್ಪನೆ: ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ನಡೆಯುತ್ತದೆ. ಬೇಗ ಹೊತ್ತಲು ಒಂದು ಲೋಟ ಪೆಟ್ರೋಲ್ ಬೆರೆಸಬಹುದು.

ವಾಸ್ತವ: ಈ ಮಾತು ದೆಹಲಿಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಬಡ ಕುಟುಂಬಗಳಿಗೆ ಅಡುಗೆ ಅನಿಲದ ಸಂಪರ್ಕ ಕೊಡುವ ಯೋಜನೆ 2012ರಲ್ಲಿ ಆರಂಭವಾಗಿ, 2014ರಲ್ಲಿ ದೆಹಲಿಯನ್ನು ಸೀಮೆಎಣ್ಣೆ ಮುಕ್ತ ನಗರವೆಂದು ಘೋಷಿಸಲಾಯಿತು. ರೇಷನ್ನಿನ ನೀಲಿ ಸೀಮೆಎಣ್ಣೆ ಇಲ್ಲಿ ಮುಗಿದ ಕಥೆ. ಅದು ಸಿಕ್ಕರೂ 1993ರ ಆದೇಶದಂತೆ ಅಡುಗೆಗೆ ಮತ್ತು ದೀಪಕ್ಕೆ ಮಾತ್ರ. ಆ ನೀಲಿ ಕಳಪೆಯ ಗುರುತೂ ಅಲ್ಲ, ಕಲಬೆರಕೆ ಹಿಡಿಯಲು ಹಾಕಿದ ಬಣ್ಣ ಅಷ್ಟೆ. ಉಳಿದಿರುವುದು ಬಿಳಿ ಸೀಮೆಎಣ್ಣೆ, ಹುಡುಕಿ ತರಬೇಕು. ಹುಡುಕಲು ಬೇಸರವಾದವರು ಪೆಟ್ರೋಲ್ ಬಂಕಿನ ಕಡೆ ನೋಡುತ್ತಾರೆ.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆ ಕನಿಷ್ಠ 35 ಡಿಗ್ರಿಯವರೆಗೆ ಹಾಗೆ ಹೊತ್ತಬಾರದು ಎನ್ನುತ್ತದೆ ಭಾರತೀಯ ಮಾನಕ 1459. ಹೀಟರಿನ ಟ್ಯಾಂಕ್ ಸುರಕ್ಷಿತವಾಗಿರುವುದು ಆ ಅಂತರದಿಂದಲೇ. ಒಂದು ಲೋಟ ಪೆಟ್ರೋಲ್ ಬೆರೆಸಿದೆವೆಂದರೆ ಆ ಅಂತರವನ್ನು ನಾವೇ ಅಳಿಸಿದಂತೆ. ಡೀಸೆಲ್ ಸಿಡಿಯುವುದಿಲ್ಲ, ಆದರೆ ಬತ್ತಿಗೆ ಅದು ಭಾರ. ಸರಿಯಾಗಿ ಏರುವುದಿಲ್ಲ, ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ಅರೆಬರೆ ಉರಿದಷ್ಟೂ ವಿಷಾನಿಲ ಹೆಚ್ಚು.

ಇನ್ನೊಂದು ಸಂಗತಿ ನಮಗೆ ತಡವಾಗಿ ತಿಳಿಯಿತು. ಜಪಾನಿನಲ್ಲಿ ಹೀಟರಿಗೆ ಹಾಕುವ ಸೀಮೆಎಣ್ಣೆಯಲ್ಲಿ ಗಂಧಕ ಶೇ 0.008ಕ್ಕಿಂತ ಹೆಚ್ಚಿರುವಂತಿಲ್ಲ. ನಮ್ಮ ಮಾನಕ ಶೇ 0.25ರವರೆಗೆ ಬಿಡುತ್ತದೆ. ಆ ದೇಶದ ಹೀಟರು ಇಲ್ಲಿ ಕಣ್ಣು ಉರಿಸಿದರೆ ಅದು ಹೀಟರಿನ ದೋಷವೇ ಆಗಿರಬೇಕಿಲ್ಲ.

ತಪ್ಪು ಕಲ್ಪನೆ: ಎಣ್ಣೆಗೆ ಒಂದು ಹರಳು ಉಪ್ಪು ಹಾಕಿದರೆ ಹೊಗೆ ಬರುವುದಿಲ್ಲ.

ವಾಸ್ತವ: ಕಂದೀಲಿನ ಕಾಲದಿಂದ ಬಂದ ಮಾತಿದು, ನಮ್ಮ ಅಜ್ಜಿಯರೂ ಹಾಕುತ್ತಿದ್ದರು. ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಹೊಗೆ ನಿಲ್ಲಿಸುವುದು ಸಮನಾಗಿ ಕತ್ತರಿಸಿದ ಬತ್ತಿ, ಸರಿಯಾದ ಎತ್ತರ, ಶುದ್ಧ ಎಣ್ಣೆ.

ತಪ್ಪು ಕಲ್ಪನೆ: ಹೊರಗೆ ಉರಿಸುವುದರಿಂದ ವಿಷಾನಿಲದ ಭಯವಿಲ್ಲ.

ವಾಸ್ತವ: ನಿಜವಾದ ಬಯಲಿನಲ್ಲಿ ಭಯ ತೀರಾ ಕಡಿಮೆ, ಅದನ್ನು ಒಪ್ಪಲೇಬೇಕು. ಆದರೆ ನಾವು ಹೊರಗೆ ಎನ್ನುವ ಜಾಗಗಳನ್ನು ಒಮ್ಮೆ ನೋಡಿ. ಮೇಲೆ ಪಾಲಿಕಾರ್ಬೊನೇಟ್ ಶೀಟು, ಮೂರು ಕಡೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ತಾರಸಿ. ಗಾಜು ಜಾರಿಸಿ ಮುಚ್ಚಿದ ಬಾಲ್ಕನಿ. ಕೆಳಗಿನವರೆಗೂ ಬಟ್ಟೆ ಕಟ್ಟಿದ ಶಾಮಿಯಾನ. ಕಾವಲುಗಾರನ ತಗಡಿನ ಗೂಡು. ಇವೆಲ್ಲ ಹೆಸರಿಗಷ್ಟೇ ಹೊರಗು. ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು, ಅಂದರೆ ಒಂದು ಸಣ್ಣ ಕೋಣೆಯ ಮೂರನೇ ಒಂದು ಭಾಗದಷ್ಟು. ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಸಾವು ಹೆಚ್ಚಾಗಿ ಬರುವುದು ಸಂಜೆಯಲ್ಲ, ಮಲಗುವ ಹೊತ್ತಿನಲ್ಲಿ. ಹೊರಗೆ ಚಳಿ ಕಾಯಿಸಿದ ಬೆಂಕಿಯನ್ನು ಒಳಗೆ ತರುವ ಆ ಹತ್ತು ಹೆಜ್ಜೆಗಳಲ್ಲಿ. 2024ರ ಜನವರಿ 14ರಂದು ದೆಹಲಿಯಲ್ಲಿ ಒಂದೇ ದಿನ ಆರು ಜನ ಹೀಗೆ ಸತ್ತು ಸಿಕ್ಕರು. ಖೇಡಾ ಕಲಾನ್‌ನಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು; ಇಂದ್ರಪುರಿಯಲ್ಲಿ ಕೆಲಸಕ್ಕಿದ್ದ ಇಬ್ಬರು. ಎರಡೂ ಕಡೆ ಕೋಣೆಯಲ್ಲಿ ಅಂಗೀಠಿ, ಅಂದರೆ ನಮ್ಮ ಅಗ್ಗಿಷ್ಟಿಕೆ ಇತ್ತು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಹೋಗಿದ್ದ ಕೇರಳದ ಎಂಟು ಪ್ರವಾಸಿಗರು ಸತ್ತರು, ಅವರಲ್ಲಿ ನಾಲ್ವರು ಮಕ್ಕಳು. ಅಲ್ಲಿದ್ದದ್ದು ಗ್ಯಾಸ್ ಹೀಟರ್, ಮುಚ್ಚಿದ ಕೋಣೆ. ಇದ್ದಿಲು, ಗ್ಯಾಸ್, ಸೀಮೆಎಣ್ಣೆ, ಉರಿಯುವುದು ಯಾವುದಾದರೂ ಲೆಕ್ಕ ಒಂದೇ.

ತಪ್ಪು ಕಲ್ಪನೆ: ವಾಸನೆ, ಹೊಗೆ ಇಲ್ಲವೆಂದರೆ ಅಪಾಯವೂ ಇಲ್ಲ.

ವಾಸ್ತವ: ಸೀಮೆಎಣ್ಣೆಗೆ ವಾಸನೆಯಿದೆ, ಕಾರ್ಬನ್ ಮಾನಾಕ್ಸೈಡಿಗೆ ಇಲ್ಲ. ಬಣ್ಣವೂ ಇಲ್ಲ, ಕೆಮ್ಮೂ ಬರಿಸದು. ಹೊಗೆ ಆರಿ ಕೆಂಪಗಾದ ಇದ್ದಿಲನ್ನು ಒಳಗೆ ತರುವುದು ಇದೇ ನಂಬಿಕೆಯಿಂದ, ಆ ಕೆಂಡವೇ ಹೆಚ್ಚು ಕೊಲ್ಲುತ್ತದೆ. ಎಚ್ಚರವಾಗುತ್ತದೆ ಬಿಡು ಎಂಬ ಧೈರ್ಯವೂ ಸುಳ್ಳು. ಆ ಅನಿಲ ಮೊದಲು ಮಂಕು ಹಿಡಿಸುತ್ತದೆ, ಆಮೇಲೆ ಏಳಬೇಕೆಂದು ಅನಿಸಿದರೂ ಕಾಲು ಏಳುವುದಿಲ್ಲ.

ತಪ್ಪು ಕಲ್ಪನೆ: ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟರೆ ಅದು ವಿಷವನ್ನು ಹೀರಿಕೊಳ್ಳುತ್ತದೆ.

ವಾಸ್ತವ: ಉತ್ತರ ಭಾರತದಲ್ಲಿ ಇದಕ್ಕಿಂತ ಗಟ್ಟಿಯಾದ ನಂಬಿಕೆ ನಾವು ಕಂಡಿಲ್ಲ. ಅಂದು ನಾವೂ ಒಂದು ಪಾತ್ರೆ ನೀರು ಇಟ್ಟೇ ಕುಳಿತಿದ್ದೆವು. ಇದರ ಬೇರು ಬೇರೆ ಕಡೆ ಇದೆ. ವಿದ್ಯುತ್ ರಾಡ್ ಹೀಟರ್ ಕೋಣೆಯನ್ನು ಒಣಗಿಸುತ್ತದೆ, ಮೂಗು ಒಣಗುತ್ತದೆ, ನೀರಿಟ್ಟರೆ ತುಸು ಹಿತ. ಆ ಸಲಹೆ ನಿಧಾನವಾಗಿ ವಿಷ ಹೀರುವ ನೀರಾಗಿ ಬೆಳೆಯಿತು. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಅಲ್ಪ: ಬರೀ ಅದೇ ಅನಿಲದಲ್ಲಿ ಒಂದು ಲೀಟರ್ ನೀರು ಇಟ್ಟರೂ ಹಿಡಿಯುವುದು ಸುಮಾರು 28 ಮಿಲಿಗ್ರಾಂ. ಕೋಣೆಯ ಗಾಳಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಒಣಗುವ ಮಾತೂ ಇಲ್ಲಿ ಸಲ್ಲದು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗೂ ಮಿಕ್ಕ ನೀರು ಆವಿಯಾಗಿ ಹುಟ್ಟುತ್ತದೆ, ಕಿಟಕಿಯ ಗಾಜು ಬೆವರುವುದು ಅದಕ್ಕೇ.

ತಪ್ಪು ಕಲ್ಪನೆ: ಬೆರಳಿನ ಆಕ್ಸಿಮೀಟರ್ 98 ತೋರಿಸಿದರೆ ಚಿಂತೆಯಿಲ್ಲ.

ವಾಸ್ತವ: ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆ ಪುಟ್ಟ ಯಂತ್ರವನ್ನು ಅಂದು ನಾವೂ ಮಗುವಿನ ಬೆರಳಿಗೆ ಹಾಕಿ ಸಮಾಧಾನಪಟ್ಟೆವು. ಅದು ರಕ್ತದ ಬಣ್ಣವನ್ನು ಓದುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು, ಎರಡನ್ನೂ ಒಳ್ಳೆಯದೆಂದೇ ತೋರಿಸುತ್ತದೆ. ನಂಬಬೇಕಾದ್ದು ಲಕ್ಷಣಗಳನ್ನು: ಒಂದೇ ಕೋಣೆಯ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ. ಕೂಡಲೇ ಎಲ್ಲರೂ ಹೊರಗೆ, ಆಮೇಲೆ ಆಸ್ಪತ್ರೆ. ಬರಿಯ ಗಾಳಿಯಲ್ಲಿ ಆ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ. ಮೊಸರು, ನಿಂಬೆರಸ ಕುಡಿಸುತ್ತ ಕೂರುವ ಹೊತ್ತಲ್ಲ.

ತಪ್ಪು ಕಲ್ಪನೆ: ಜೊತೆಗೆ ಸ್ವಲ್ಪ ರಮ್ ಇದ್ದರೆ ಚಳಿ ಹತ್ತಿರ ಸುಳಿಯದು.

ವಾಸ್ತವ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ತೋರುತ್ತದೆ, ಒಳಗಿನ ಕಾವು ಹೊರಗೆ ಸೋರುತ್ತದೆ. ಉರಿಯುವ ಹೀಟರಿನ ಬಳಿ ಕೈ ತಪ್ಪುವುದೂ ತೂಕಡಿಸುವುದೂ ಅದರಿಂದಲೇ.

ತಪ್ಪು ಕಲ್ಪನೆ: ಇಷ್ಟು ದೊಡ್ಡ ನಗರದ ಹೊಗೆಯಲ್ಲಿ ನಮ್ಮ ಒಂದು ಬೆಂಕಿ ಯಾವ ಲೆಕ್ಕ?

ವಾಸ್ತವ: ಸರಿಯಾಗಿ ಉರಿಯುವ ಸೀಮೆಎಣ್ಣೆ ಹೀಟರಿನ ಮಸಿ ಕಸದ ರಾಶಿಯ ಬೆಂಕಿಗಿಂತ ಎಷ್ಟೋ ಕಡಿಮೆ. ಆದರೆ ಇಲ್ಲಿನ ಚಳಿಗಾಲದ ರಾತ್ರಿ ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು ಮುಚ್ಚಳದಂತೆ ಕೂರುತ್ತದೆ. ಯಾವ ಹೊಗೆಯೂ ಮೇಲೇರದೆ ನಮ್ಮ ಮೂಗಿನ ಮಟ್ಟದಲ್ಲೇ ಉಳಿಯುತ್ತದೆ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿದೆ.

ಆದರೆ ಹಾಗೆ ಸುಡುವವರು ಯಾರು? ರಾತ್ರಿಯಿಡೀ ಗೇಟಿನಲ್ಲಿ ನಿಲ್ಲುವ ಕಾವಲುಗಾರರು. ಬಿಹಾರ, ಬುಂದೇಲ್‌ಖಂಡದಿಂದ ಬಂದವರು, ಕೈಗೆ ಸಿಕ್ಕ ರಟ್ಟು, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಚೀಲ ಒಟ್ಟುಮಾಡಿ ಹಚ್ಚುತ್ತಾರೆ. ಆ ಹೊಗೆ ಎಲ್ಲರಿಗಿಂತ ಮೊದಲು ಹೋಗುವುದು ಅವರ ಎದೆಗೆ. ದೆಹಲಿ ಮತ್ತು ಸುತ್ತಲ ಪ್ರದೇಶಕ್ಕೆ ಅನ್ವಯವಾಗುವ ಗ್ರ್ಯಾಪ್ ಎಂಬ ಮಾಲಿನ್ಯ ತಡೆ ಯೋಜನೆಯಲ್ಲಿ ಇದಕ್ಕೆ ಸ್ಪಷ್ಟ ಸೂಚನೆಯಿದೆ: ಬೆಂಕಿ ಹಾಕದಂತೆ ಕಾವಲುಗಾರರಿಗೆ ನಿವಾಸಿಗಳ ಸಂಘಗಳೇ ವಿದ್ಯುತ್ ಹೀಟರ್ ಕೊಡಬೇಕು. ತಾರಸಿಗೆ ಹಳೆಯ ಹೀಟರ್ ಹುಡುಕಿ ತಂದ ನಮಗೆ ಗೇಟಿನ ಬಳಿ ವಿದ್ಯುತ್ ಹೀಟರೊಂದು ಇಲ್ಲದಿರುವುದು ವರ್ಷಗಟ್ಟಲೆ ಕಾಣಲಿಲ್ಲ. ಒಂದು ಕಿಲೋವಾಟ್ ಹೀಟರ್ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಉರಿದರೆ 8 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 64 ರೂಪಾಯಿ. ನಲವತ್ತು ಮನೆಗಳಿಗೆ ಹಂಚಿದರೆ ಮನೆಗೆ ಒಂದು ರೂಪಾಯಿ 60 ಪೈಸೆ.