ಕೀಲುಗಳ ವಿದ್ಯೆಯೂ ನಮ್ಮ ಸೀಮೆಯ ವಿದ್ಯಾರ್ಥಿಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಗೃಹಸ್ಥರಲ್ಲಿ ಮಂಡಿನೋವು ಮುಪ್ಪಿನ ಸಹಜ ಧರ್ಮವೆಂದು ಸುಮ್ಮನಾಗುವವರೇ ಹೆಚ್ಚು. ಆದರೆ ಎಲ್ಲಕ್ಕೂ ಮುಪ್ಪೊಂದೇ ಕಾರಣವಲ್ಲ. ಪಾವಗಡದ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಅಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಎಲುಬುಗಳನ್ನು ಬಂಧಿಸಿರುವ ನಾರುಗಳಿಗೆ ಸುಣ್ಣದಂಶ ಸೇರಿ ಕೀಲುಗಳು ಬಿಗಿಯಬಹುದು.

ಎಣ್ಣೆ ಸವರಿದ ಅಚ್ಚಿನ ಮೇಲೆ ಚಕ್ರವು ಸುಲಭವಾಗಿ ತಿರುಗುವಂತೆ, ಶ್ಲೇಷ್ಮದಿಂದ ಸಂಧಿಗಳು ಆಡುವುವೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಎಲುಬಿನ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದರ ಪೋಷಣೆಗೆ ಮುಖ್ಯ ಆಧಾರ ಕೀಲಿನೊಳಗಿನ ದ್ರವವೇ. ಆದುದರಿಂದಲೇ ಸವೆದದ್ದು ತಾನಾಗಿ ಮಾಯುವುದು ದುರ್ಲಭ. ಇದನ್ನು 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ ವಿಲಿಯಂ ಹಂಟರನಿಗೆ ಆಗ ಇಪ್ಪತ್ತೈದರ ಪ್ರಾಯ. ರೋಗಿಯ ಮೃದ್ವಸ್ಥಿಯ ಜೀವಕೋಶಗಳನ್ನೇ ತೆಗೆದು ಬೆಳೆಸಿ ಪುನಃ ಮಂಡಿಯಲ್ಲಿಟ್ಟ ವರದಿಯನ್ನು ಸ್ವೀಡನ್ ದೇಶದ ವೈದ್ಯರು 1994ರಲ್ಲಿ ಪ್ರಕಟಿಸಿದರು. ಕೀಲುಸವೆತಕ್ಕೆ ಔಷಧವನ್ನು ಸೂಕ್ಷ್ಮಕಣಗಳಲ್ಲಿ ತುಂಬಿ ಕೀಲಿನೊಳಗೇ ನಿಧಾನವಾಗಿ ಒಸರುವಂತೆ ಮಾಡುವ ಪ್ರಯೋಗಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿವೆ.

ಇಂತಹ ಕೆಲಸವು ಪಂಡಿತರಿಗೆ ಮಾತ್ರವೆಂದು ನಮ್ಮ ಮಕ್ಕಳು ಹಿಂಜರಿಯಬೇಕಾದುದಿಲ್ಲ. ಸರ್ ಸಿ. ವಿ. ರಾಮನ್ನರು 1934ರಲ್ಲಿ ಸ್ಥಾಪಿಸಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿಯು, ದೆಹಲಿ ಮತ್ತು ಪ್ರಯಾಗಗಳ ಅಕಾಡೆಮಿಗಳೊಡನೆ ಸೇರಿ, ಬಿ.ಎಸ್‌ಸಿ. ಓದುವವರಿಗೂ ಬೇಸಗೆಯಲ್ಲಿ ಎರಡು ತಿಂಗಳ ಸಂಶೋಧನಾ ವೇತನವನ್ನು ಕೊಡುತ್ತ ಬಂದಿದೆ. ವೈದ್ಯವಿದ್ಯಾರ್ಥಿಗಳಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1979ರಲ್ಲಿ ಇಂತಹುದೇ ಅಲ್ಪಾವಧಿಯ ವೇತನವನ್ನು ಆರಂಭಿಸಿತು. ಬೇಸಗೆಯ ಕೆಲಸಕ್ಕೆ ಅರ್ಜಿಯನ್ನು ತಿಂಗಳುಗಳ ಮೊದಲೇ ಕಳುಹಿಸತಕ್ಕದ್ದು. ಅಧ್ಯಾಪಕರಿಂದ ಶಿಫಾರಸು ಪತ್ರವನ್ನು ಮುಂಚಿತವಾಗಿಯೇ ಬೇಡಿಕೊಳ್ಳುವುದು ಲೇಸು.

“ಅಂಕ ಬಾರದ ಓದಿಗೆ ಮಗಳನ್ನು ಎರಡು ತಿಂಗಳು ಪರಸ್ಥಳಕ್ಕೆ ಏಕೆ ಕಳುಹಿಸಬೇಕು?” ಎಂದು ಕೇಳುವ ತಂದೆತಾಯಂದಿರನ್ನು ನಾವು ಬಲ್ಲೆವು. ಆ ಎರಡು ತಿಂಗಳಲ್ಲಿ ಅಜ್ಜಿಯ ಮಂಡಿ ವಾಸಿಯಾಗದು, ನಿಜ. ಆದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೂ, ಅಳೆದುದನ್ನು ಅಳೆದಂತೆಯೇ ಬರೆಯುವುದನ್ನೂ ಆಕೆ ಕಲಿತು ಬರುವಳು. ನೀರನ್ನು ಪರೀಕ್ಷಿಸದೆ ಕುಡಿಯಬಾರದೆಂದು ಮನೆಯವರಿಗೆ ಕಾರಣಸಹಿತ ತಿಳಿಸುವಳು. ಕೀಲುಬೇನೆ ನಮ್ಮ ಸೀಮೆಯದಾಗಿರುವಾಗ ಅದನ್ನು ಅರಿಯುವವರು ಹೊರಗಿನವರೇ ಆಗಿರಬೇಕೆ? ಅರ್ಜಿಗೆ ರುಜು ಬೇಕೆಂದು ಮಗಳು ಬಂದು ನಿಂತಾಗ ಹಿರಿಯರು ಅನುಮಾನಿಸದಿರಲಿ.