ಲೆಕ್ಕದ ಶಿಸ್ತು ಪತ್ರಕ್ಕೂ ಬರಲಿ: ವರ್ಡ್‌ನಲ್ಲಿ ಶೈಲಿಗಳು ಮತ್ತು ಕೀಲಿಗಳು

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಮೌಸನ್ನು ಮುಟ್ಟುವುದು ಅಪರೂಪ. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಎಂಬುದು ಅವರ ಬೆರಳುಗಳಿಗೇ ತಿಳಿದಿರುತ್ತದೆ. ಆದರೆ ಅದೇ ಗುಮಾಸ್ತರು ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯನ್ನೋ ಪಾಲುದಾರಿಕೆ ಪತ್ರವನ್ನೋ ಸಿದ್ಧಪಡಿಸಲು ಮೈಕ್ರೋಸಾಫ್ಟ್ ವರ್ಡ್ ತೆರೆದೊಡನೆ ಈ ಶಿಸ್ತು ಮರೆಯಾಗುತ್ತದೆ. ಪ್ರತಿಯೊಂದು ಶೀರ್ಷಿಕೆಯನ್ನೂ ಮೌಸಿನಿಂದ ಆಯ್ದು, ಅಕ್ಷರವನ್ನು ಹಿರಿದುಗೊಳಿಸಿ, ದಪ್ಪವಾಗಿಸಿ, ಅಡಿಗೆರೆ ಎಳೆದು, ಕ್ರಮಸಂಖ್ಯೆಯನ್ನು ಕೈಯಿಂದಲೇ ಬೆರಳಚ್ಚು ಮಾಡಲಾಗುತ್ತದೆ.

ಇದರಿಂದ ವ್ಯರ್ಥವಾಗುವುದು ಸಮಯ ಮಾತ್ರವಲ್ಲ. ಒಂದು ಪಾಲುದಾರಿಕೆ ಪತ್ರದ 7ನೇ ಕಲಮಿನಲ್ಲಿ ಲಾಭ-ನಷ್ಟ ಹಂಚಿಕೆಯ ಪ್ರಮಾಣವಿದೆ ಎಂದಿಟ್ಟುಕೊಳ್ಳೋಣ. ಪಾಲುದಾರನು ನಿವೃತ್ತನಾದಾಗ '7ನೇ ಕಲಮಿನ ಪ್ರಮಾಣದಂತೆ' ಲೆಕ್ಕ ತೀರಿಸತಕ್ಕದ್ದೆಂದು 11ನೇ ಕಲಮು ಹೇಳುತ್ತದೆ. ಸಹಿಯಾಗುವ ಮುನ್ನ ಬ್ಯಾಂಕ್ ಖಾತೆಯ ನಿರ್ವಹಣೆಗಾಗಿ ನಡುವೆ ಹೊಸದೊಂದು ಕಲಮನ್ನು ಸೇರಿಸಲಾಗುತ್ತದೆ. ಹಂಚಿಕೆಯ ಕಲಮು 8 ಆಗುತ್ತದೆ. ನಿವೃತ್ತಿಯ ಕಲಮು ಮಾತ್ರ ಇನ್ನೂ 7ನ್ನೇ ತೋರಿಸುತ್ತಿರುತ್ತದೆ. ಸ್ನೇಹವಿರುವತನಕ ಇದು ಯಾರ ಕಣ್ಣಿಗೂ ಬೀಳದು. ಲೆಕ್ಕ ತೀರಿಸುವ ದಿನ ಈ ಒಂದಂಕಿಯೇ ತಕರಾರಿಗೆ ಮೂಲವಾಗಬಲ್ಲುದು.

ಶೈಲಿ ಎಂದರೇನು?

ಬಾಡಿಗೆಯ ಪಾವತಿಯನ್ನು 'ಬಾಡಿಗೆ' ಖಾತೆಗೆ ಹಾಕಿದರೆ ವರ್ಷಾಂತ್ಯದಲ್ಲಿ ಒಟ್ಟು ಮೊತ್ತ ತಾನಾಗಿ ದೊರೆಯುತ್ತದೆ. ರೋಕಡಿ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಎಳೆದು ಗುರುತಿಸಿದರೆ ದೊರೆಯದು. ದಪ್ಪ ಅಕ್ಷರವು ಆ ಕೆಂಪು ಗೆರೆಯಂತೆ, ಶೈಲಿಯು ಖಾತೆಯಂತೆ. ಒಂದು ಸಾಲಿಗೆ 'ಹೆಡಿಂಗ್ 1' ಎಂಬ ಶೈಲಿಯನ್ನು ಕೊಟ್ಟಾಗ ಅದು ಶೀರ್ಷಿಕೆಯೆಂಬುದು ತಂತ್ರಾಂಶಕ್ಕೆ ತಿಳಿಯುತ್ತದೆ. ಆ ಬಳಿಕ ಪರಿವಿಡಿ, ಕ್ರಮಸಂಖ್ಯೆ, ಉಲ್ಲೇಖ ಎಲ್ಲವನ್ನೂ ತಂತ್ರಾಂಶವೇ ನೋಡಿಕೊಳ್ಳಬಲ್ಲುದು. ಶೀರ್ಷಿಕೆಗಳ ಗಾತ್ರವನ್ನು ಬದಲಿಸಬೇಕಾದರೆ ಶೈಲಿಯನ್ನು ಒಮ್ಮೆ ತಿದ್ದಿದರೆ ಸಾಕು.

ರೂಢಿಸಿಕೊಳ್ಳಬೇಕಾದ ಕೀಲಿಗಳು

ವಿಂಡೋಸ್ ಗಣಕಗಳಲ್ಲಿನ ವರ್ಡ್‌ನಲ್ಲಿ ಈ ಕೆಳಗಿನ ಕೀಲಿಗಳು ಸಿದ್ಧವಾಗಿಯೇ ಇವೆ. ಕರ್ಸರನ್ನು ಸಾಲಿನೊಳಗೆ ಇರಿಸಿದರೆ ಸಾಕು. ಸಾಲನ್ನು ಆಯ್ಕೆ ಮಾಡಬೇಕಾಗಿಲ್ಲ.

• ಕಂಟ್ರೋಲ್ + ಆಲ್ಟ್ + 1: ಮುಖ್ಯ ಶೀರ್ಷಿಕೆ (ಹೆಡಿಂಗ್ 1)
• ಕಂಟ್ರೋಲ್ + ಆಲ್ಟ್ + 2 ಹಾಗೂ 3: ಉಪಶೀರ್ಷಿಕೆಗಳು
• ಕಂಟ್ರೋಲ್ + ಶಿಫ್ಟ್ + ಎನ್: ಸಾಮಾನ್ಯ ಪಠ್ಯ (ನಾರ್ಮಲ್)
• ಕಂಟ್ರೋಲ್ + ಆಲ್ಟ್ + ಶಿಫ್ಟ್ + ಎಸ್: ಶೈಲಿಗಳ ಪಟ್ಟಿ

ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ + 1ರಿಂದ 5ರವರೆಗಿನ ಕೀಲಿಗಳು ಶೀರ್ಷಿಕೆಗಳಿಗೆ ಮೀಸಲು. ಎಫ್11 ಒತ್ತಿದರೆ ಶೈಲಿಗಳ ಪಟ್ಟಿ ತೆರೆಯುತ್ತದೆ. ವರ್ಡ್‌ನಲ್ಲಿ ಕಂಟ್ರೋಲ್ + 1 ಸಾಲುಗಳ ನಡುವಿನ ಅಂತರವನ್ನು ಬದಲಿಸುತ್ತದೆ. ಎರಡನ್ನೂ ಬಳಸುವ ಕಚೇರಿಗಳು ಇದನ್ನು ಗಮನದಲ್ಲಿರಿಸಿಕೊಳ್ಳಬೇಕು.

ಸ್ವಂತ ಶೈಲಿಗೆ ಸ್ವಂತ ಕೀಲಿ

ಕೊಟೇಷನ್ನಿನ ಷರತ್ತು, ಕೋಷ್ಟಕದ ಕೆಳಗಿನ ಟಿಪ್ಪಣಿ ಮುಂತಾದವುಗಳಿಗೆ ಕಚೇರಿಯು ತನ್ನದೇ ಶೈಲಿಗಳನ್ನು ರಚಿಸಿಕೊಂಡು ಕೀಲಿ ಕೊಡಬಹುದು. ಶೈಲಿಯ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಮಾಡಿಫೈ' ಆಯ್ದು, ಕೆಳಗಿನ 'ಫಾರ್ಮ್ಯಾಟ್' ಗುಂಡಿಯಲ್ಲಿ 'ಶಾರ್ಟ್‌ಕಟ್ ಕೀ' ತೆರೆದು, ಬೇಕಾದ ಕೀಲಿಗಳನ್ನು ಒತ್ತಿ 'ಅಸೈನ್' ಮಾಡಬೇಕು. ಆ ಕೀಲಿ ಈಗಾಗಲೇ ಬೇರೆ ಕೆಲಸಕ್ಕೆ ನಿಯೋಜಿತವಾಗಿದ್ದರೆ ವರ್ಡ್ ಅಲ್ಲಿಯೇ ತಿಳಿಸುತ್ತದೆ.

ಕಂಟ್ರೋಲ್ + ಆಲ್ಟ್ + 4ನ್ನು ಮಾತ್ರ ಮುಟ್ಟದಿರುವುದು ಲೇಸು. 'ಇಂಗ್ಲಿಷ್ (ಇಂಡಿಯಾ)' ಕೀಲಿಮಣೆಯಲ್ಲಿ 2010ರಲ್ಲಿ ಅಂಗೀಕೃತವಾದ ರೂಪಾಯಿ ಚಿಹ್ನೆ ₹ ಮೂಡುವುದು ಇದರಿಂದಲೇ. ಇದನ್ನು ಶೈಲಿಗೆ ಕೊಟ್ಟರೆ ಬೆಲೆ ಬರೆಯುವಾಗ ಚಿಹ್ನೆ ಬರುವ ಬದಲು ಸಾಲಿನ ರೂಪವೇ ಬದಲಾದೀತು.

ಕನ್ನಡ ದಾಖಲೆಗಳಲ್ಲಿ

ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿರುವ ಸಾಲಿಗೆ ಇಂಗ್ಲಿಷ್ ಫಾಂಟಿನ ಶೈಲಿಯನ್ನು ಕೊಟ್ಟರೆ ಪಠ್ಯವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಗಾಬರಿಯಾಗದೆ ಕಂಟ್ರೋಲ್ + ಜ಼ೆಡ್ ಒತ್ತಿ ಹಿಂದಿರುಗಿ, ಮೊದಲು ಶೈಲಿಯ ಫಾಂಟನ್ನು ಬದಲಿಸಬೇಕು. ಯೂನಿಕೋಡ್ ಕನ್ನಡದಲ್ಲಿ ಗಾತ್ರ ಬದಲಾಗದಿದ್ದರೆ ಫಾಂಟ್ ಕಿಟಕಿಯ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಭಾಗವನ್ನು ನೋಡಬೇಕು. ವರ್ಡ್ ಕನ್ನಡವನ್ನು ಆ ವರ್ಗಕ್ಕೆ ಸೇರಿಸುತ್ತದೆ.

ಕಲಮುಗಳ ಸಂಖ್ಯೆ ತಪ್ಪದಂತೆ

ಪಾಲುದಾರಿಕೆ ಪತ್ರದ ಪ್ರತಿ ಕಲಮಿನ ಶೀರ್ಷಿಕೆಗೂ ಹೆಡಿಂಗ್ 1 ಕೊಟ್ಟು, 'ಮಲ್ಟಿಲೆವೆಲ್ ಲಿಸ್ಟ್' ಪಟ್ಟಿಯಿಂದ ಹೆಡಿಂಗ್‌ಗಳಿಗೆ ಜೋಡಿಸಿದ ಕ್ರಮಸಂಖ್ಯೆಯನ್ನು ಆಯ್ದರೆ, ಹೊಸ ಕಲಮು ಸೇರಿದೊಡನೆ ಮುಂದಿನ ಸಂಖ್ಯೆಗಳು ತಾವಾಗಿ ಬದಲಾಗುತ್ತವೆ. ಪಠ್ಯದೊಳಗೆ '7' ಎಂದು ಬೆರಳಚ್ಚು ಮಾಡದೆ, 'ರೆಫರೆನ್ಸಸ್' ವಿಭಾಗದ 'ಕ್ರಾಸ್-ರೆಫರೆನ್ಸ್' ಮೂಲಕ ಕಲಮಿನ ಸಂಖ್ಯೆಯನ್ನು ಸೇರಿಸಬೇಕು. ಈ ಉಲ್ಲೇಖಗಳು ಮಾತ್ರ ಒಡನೆಯೇ ಬದಲಾಗುವುದಿಲ್ಲ; ಮುದ್ರಣಕ್ಕೆ ಮುನ್ನ ಕಂಟ್ರೋಲ್ + ಎ ಒತ್ತಿ, ಬಳಿಕ ಎಫ್9 ಒತ್ತಬೇಕು. ಪರಿವಿಡಿಯ ಪುಟಸಂಖ್ಯೆಗಳೂ ಆಗಲೇ ಸರಿಹೋಗುತ್ತವೆ.

ಇಷ್ಟಾದರೂ ಛಾಪಾ ಕಾಗದದ ಮೇಲೆ ಮುದ್ರಿಸುವ ಮುನ್ನ ಸಾದಾ ಕಾಗದದಲ್ಲಿ ಪ್ರತಿ ತೆಗೆದು ಒಮ್ಮೆ ಓದಲೇಬೇಕು. ಲೆಕ್ಕ ಬರೆದ ಮಾತ್ರಕ್ಕೆ ತಪಾಸಣೆ ತಪ್ಪುವುದಿಲ್ಲ. ಕೀಲಿ ಒತ್ತಿದ ಮಾತ್ರಕ್ಕೆ ಓದುವುದೂ ತಪ್ಪದು. ಎಲ್ಲ ಕೀಲಿಗಳನ್ನೂ ಒಂದೇ ದಿನದಲ್ಲಿ ಕಲಿಯುವ ಅಗತ್ಯವಿಲ್ಲ. ಮುಂದಿನ ಕೊಟೇಷನ್ನಿನಲ್ಲಿ ಮುಖ್ಯ ಶೀರ್ಷಿಕೆ ಹಾಗೂ ಸಾಮಾನ್ಯ ಪಠ್ಯದ ಎರಡು ಕೀಲಿಗಳಿಂದ ಆರಂಭಿಸಬಹುದು. ಎಫ್8ನ್ನು ಕಲಿತ ಬೆರಳುಗಳಿಗೆ ಇವು ಭಾರವಾಗಲಾರವು.