ಬಾವಿಯ ನೀರಿನ ಪಾಷಾಣವನ್ನು ತೋರಿಸಿಕೊಡುವ ಸೂಕ್ಷ್ಮಜೀವಿಗಳು

ತಿಳಿಯಾದ ನೀರೆಲ್ಲವೂ ಶುದ್ಧವಾದುದೆಂಬ ನಂಬಿಕೆಯು ಗ್ರಾಮಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ಇದು ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಬಾಂಗ್ಲಾದೇಶದ ಅನುಭವವೇ ಸಾಕ್ಷಿ. ಕೆರೆಕುಂಟೆಗಳ ನೀರಿನಿಂದ ಹರಡುತ್ತಿದ್ದ ಭೇದಿರೋಗಗಳನ್ನು ತಡೆಯಲು ಅಲ್ಲಿ 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿಗಳನ್ನು ತೋಡಿದರು. ಆ ನೀರಿನಲ್ಲಿ ಭಾರಲೋಹಗಳೊಡನೆ ಎಣಿಸಲ್ಪಡುವ ಆರ್ಸೆನಿಕ್ ಎಂಬ ಪಾಷಾಣವಿರುವುದು 1993ರಲ್ಲಿ ತಿಳಿದುಬಂದಿತು. ಇದಕ್ಕೆ ಬಣ್ಣವಾಗಲಿ ರುಚಿಯಾಗಲಿ ಇಲ್ಲ. ವರ್ಷಗಟ್ಟಲೆ ಕುಡಿದವರ ಚರ್ಮದಲ್ಲಿ ಕಲೆಗಳು ಮೂಡಿ, ಅಂಗೈ ಅಂಗಾಲುಗಳು ಗಡುಸಾಗುವುವು. ಮುಂದೆ ಅರ್ಬುದರೋಗವೂ ತಲೆದೋರಬಹುದು. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಗ್ರಾಮಗಳ ಅಂತರ್ಜಲದಲ್ಲಿಯೂ ಈ ಪಾಷಾಣವು ಕಂಡುಬಂದಿದೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮಿಗಿಂತ, ಅಂದರೆ ಒಂದು ಲಕ್ಷ ಲೀಟರು ನೀರಿಗೆ ಒಂದು ಗ್ರಾಮಿಗಿಂತ, ಹೆಚ್ಚು ಆರ್ಸೆನಿಕ್ ಇರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಇಷ್ಟು ಸ್ವಲ್ಪವಾದುದನ್ನು ಕಂಡುಹಿಡಿಯಲು ವಿಜ್ಞಾನಿಗಳು ಸೂಕ್ಷ್ಮಜೀವಿಗಳನ್ನೇ ದುಡಿಸಿಕೊಂಡಿದ್ದಾರೆ. ಕೋಲಿ ಎಂಬ ಸೂಕ್ಷ್ಮಜೀವಿಯು ತನ್ನೊಳಗೆ ಹೊಕ್ಕ ಆರ್ಸೆನಿಕ್ಕನ್ನು ಹೊರದೂಡುವ ಶಕ್ತಿಯನ್ನು ಸ್ವಭಾವತಃ ಪಡೆದಿದೆ. ವಿಷವಿಲ್ಲದಾಗ ಒಂದು ಸಸಾರಜನಕ ವಸ್ತುವು ಬೀಗದಂತೆ ಈ ಕಾರ್ಯವನ್ನು ತಡೆದಿರುವುದು. ವಿಷವು ತಗುಲಿದೊಡನೆ ಬೀಗವು ಕಳಚುವುದು. ಇದೇ ಬೀಗದ ಮುಂದೆ, ಬೆಳಕು ಬೀರುವ ಬೇರೊಂದು ಜೀವಿಯ ವಂಶವಾಹಿಯನ್ನು ಜೋಡಿಸಿದರೆ, ಆರ್ಸೆನಿಕ್ ಇರುವ ನೀರಿನಲ್ಲಿ ಸೂಕ್ಷ್ಮಜೀವಿಯು ಬೆಳಗುವುದು. ಆ ಬೆಳಕನ್ನು ಯಂತ್ರದಿಂದ ಅಳೆದು ವಿಷದ ಪ್ರಮಾಣವನ್ನು ತಿಳಿಯಬಹುದು.

ವಿಯೆಟ್ನಾಮಿನ ಕೆಂಪು ನದಿ ಹಾಗೂ ಮೆಕಾಂಗ್ ನದಿಗಳ ಮುಖಜಭೂಮಿಯ 194 ಅಂತರ್ಜಲದ ಮಾದರಿಗಳನ್ನು ಈ ಕ್ರಮದಿಂದ ಪರೀಕ್ಷಿಸಿದ ಫಲಿತಾಂಶವು 2005ರಲ್ಲಿ ಪ್ರಕಟವಾಯಿತು. ಬಹುಪಾಲು ಉತ್ತರಗಳು ಸರಿಯಾಗಿದ್ದರೂ, ನೂರಕ್ಕೆ ಸುಮಾರು 8ರಷ್ಟು ಪ್ರಸಂಗಗಳಲ್ಲಿ ವಿಷವುಳ್ಳ ನೀರು ನಿರ್ದೋಷವೆಂದು ತೋರಿತು. ಆದಕಾರಣ ಇದು ಬಾವಿಗಳನ್ನು ಬೇರ್ಪಡಿಸುವ ಜರಡಿಯೇ ಹೊರತು ಅಂತಿಮ ತೀರ್ಪಲ್ಲ. ಇದಲ್ಲದೆ ಮಾರ್ಪಡಿಸಿದ ಈ ಜೀವಿಗಳು ಹೊರಗೆ ಹರಡದಂತೆ ಮುಚ್ಚಿದ ಸೀಸೆಗಳಲ್ಲಿಟ್ಟು, ಕೆಲಸ ಮುಗಿದ ಮೇಲೆ ನಾಶಪಡಿಸತಕ್ಕದ್ದು. ಈ ಕ್ರಮವು ಗ್ರಾಮಗಳಲ್ಲಿ ಇನ್ನೂ ವ್ಯಾಪಕವಾಗಿ ಬಳಕೆಗೆ ಬಂದಿಲ್ಲ.

ಅದುವರೆಗೆ ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸತಕ್ಕ ಸಂಗತಿಗಳು ಮೂರು. ಮೊದಲನೆಯದು, ಒಂದು ಬಾವಿಯ ನೀರು ಉತ್ತಮವಾಗಿದ್ದರೂ ನೆರೆಯ ಬಾವಿಯದು ಕೆಟ್ಟಿರಬಹುದು. ಆದುದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಜಿಲ್ಲೆಯ ನೀರು ಪರೀಕ್ಷಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಎರಡನೆಯದು, ಕಾಯಿಸುವುದರಿಂದ ಈ ವಿಷವು ಹೋಗದು. ನೀರು ಇಂಗಿದಷ್ಟೂ ಅದು ಗಾಢವಾಗುವುದು. ಮೂರನೆಯದು, ಇಂತಹ ನೀರನ್ನು ನಿಲ್ಲಿಸಿ ಬೆಳೆದ ಬತ್ತವೂ ವಿಷವನ್ನು ಹೀರಿಕೊಳ್ಳುವುದು. ಕೆಟ್ಟ ಬಾವಿಗೆ ಎಲ್ಲರಿಗೂ ಕಾಣುವಂತೆ ಗುರುತು ಹಾಕಿಸಿ, ಒಳ್ಳೆಯ ಬಾವಿಯನ್ನು ಊರಿನ ಎಲ್ಲರಿಗೂ ತೆರೆದಿಡುವುದು ಮುಖಂಡರ ಆದ್ಯ ಕರ್ತವ್ಯವು.